ಮತ್ತಿಕೊಪ್ಪದ ಕಡವೆ ಎಣಿಕೆಯ ಬಗ್ಗೆ ಒಂದು ವಿನಮ್ರ ತಕರಾರು

ಮತ್ತಿಕೊಪ್ಪ, ಲಿಂಗದಹಳ್ಳಿ ಅಂಚೆ
ತರೀಕೆರೆ ತಾಲ್ಲೂಕು
ಫೆಬ್ರವರಿ ೧೯೮೮

ವನ್ಯಮೃಗಶಾಸ್ತ್ರ ಪಾರಂಗತರೂ, ಮೃದುಪಾದರೂ, ನಮ್ಮ ಕಾಡಿನ ಮೃಗಗಳಿಗೆಲ್ಲ ಪರಮಾಪ್ತರೂ ಆದ ಎಣಿಕೆ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಲಿಂಗದಹಳ್ಳಿಯಲ್ಲಿ ಬಸ್ಸಿಳಿದು ಗುಡ್ಡದ ಕಡೆಗೆ ಬೆವರು ಕಿತ್ತುಬರುವಷ್ಟು ನಡೆದರೆ ಸಿಗುವ ಮತ್ತಿಕೊಪ್ಪದ ಸಮಸ್ತ ನಿವಾಸಿಗಳು, ಅಂದರೆ ತಮ್ಮ ಪುಸ್ತಕದಲ್ಲಿ ‘ಜನರ ಒತ್ತಡ’ ಎಂಬ ಎರಡೇ ಮಾತಿನೊಳಗೆ ಗಂಡಸು ಹೆಂಗಸು ಮಕ್ಕಳುಮರಿ ಸಮೇತ ಅಡಗಿಕೊಂಡಿರುವ ನಾವು, ತಮಗೆ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ನಮ್ಮ ಊರಿನ ಬಗ್ಗೆ ಯಾವುದೇ ಸಂಗತಿಯನ್ನು ತಾವು ಹೇಳಿದ ಮೇಲೆಯೇ ನಾವು ನಂಬಬೇಕಾದ ಕಾಲ ಬಂದಿರುವುದರಿಂದ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ತಾವು ದಯವಿಟ್ಟು ತುಂಬಿಕೊಳ್ಳಬೇಕು.

ತಮಗೆ ಡಾಕ್ಟರ್ ಪದವಿ ದೊರೆತ ಸುದ್ದಿ ತಿಳಿದು ಊರಿಗೆ ಊರೇ ಹಿಗ್ಗಿತು. ಪದವಿ ತಂದುಕೊಟ್ಟ ಆ ದಪ್ಪ ಪುಸ್ತಕದ ಒಂದು ಪ್ರತಿಯನ್ನು ತಾವು ತಮ್ಮ ಬಿಡಾರದಲ್ಲಿ ಅಡಿಗೆ ಮಾಡಿಕೊಂಡಿದ್ದ ನಮ್ಮೂರ ಪುಟ್ಟಯ್ಯನಿಗೆ ನೆನಪಿಗೆಂದು ಕಳಿಸಿಕೊಟ್ಟಿರಿ. ಇಂಗ್ಲಿಷ್ ಬಾರದ ಪುಟ್ಟಯ್ಯ ಅದನ್ನು ವ್ಯರ್ಥ ಮಾಡಲಿಲ್ಲ, ಇಲಿ ಮುಚ್ಚಳ ತೆಗೆಯದ ಹಾಗೆ ರಾಗಿಹಿಟ್ಟಿನ ಡಬ್ಬದ ಮೇಲೆ ಭಾರಕ್ಕಿಟ್ಟಿದ್ದ. ನಾನು ಅದನ್ನು ಅಲ್ಲಿಂದ ಬಿಡಿಸಿಕೊಂಡು ತರೀಕೆರೆಗೆ ಹೋಗಿ, ಹೈಸ್ಕೂಲಿನ ಮೇಷ್ಟರಾದ ಮಲ್ಲಿಕಾರ್ಜುನಯ್ಯನವರ ಮುಂದಿಟ್ಟೆ. ಅವರು ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಓದಿ ಹೇಳಿದರು. ನಡುನಡುವೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೊದಲು ನಾನು ಅವರಿಗೆ ಕಣ್ಣು ನೋವೆಂದೇ ತಿಳಿದಿದ್ದೆ.

ತಮ್ಮ ಪುಸ್ತಕದ ಸಾರಾಂಶ ಇಷ್ಟು. ಮತ್ತಿಕೊಪ್ಪದ ಸುತ್ತಿನ ಕಾಡಿನಲ್ಲಿ ಇರುವಷ್ಟು ಕಡವೆ, ಜಿಂಕೆ, ಹಂದಿಗಳು ಈ ಸೀಮೆಯ ಮತ್ತಾವ ಕಾಡಿನಲ್ಲೂ ಇಲ್ಲ. ಆದ್ದರಿಂದ ಈ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಬೇಕು. ಆದ್ದರಿಂದ ಅದರ ನಡುವೆ ಕೂತಿರುವ ಮತ್ತಿಕೊಪ್ಪವನ್ನು ಎತ್ತಿ ಅಜ್ಜಂಪುರದ ಆಚೆಯ ಬಯಲಿನಲ್ಲಿ ಇಡಬೇಕು. ಎರಡು ‘ಆದ್ದರಿಂದ’ಗಳಲ್ಲಿ ಒಂದು ಊರನ್ನು ಇಷ್ಟು ಹಗುರವಾಗಿ ಎತ್ತಿದವರನ್ನು ನಾವು ಹಿಂದೆ ಕಂಡಿರಲಿಲ್ಲ. ಯುಗಾದಿಯೊಳಗೆ ಜಾಗ ಬಿಡಬೇಕೆಂದು ನೋಟೀಸು ನಮ್ಮ ಕೈಗೆ ಬಂದಿದೆ. ಈ ಪತ್ರದ ವಿಷಯ ಅದೇ, ಬೇರೆ ಯಾವುದೂ ಅಲ್ಲ. ಆದರೆ ನಮ್ಮ ಕಡೆಯವರಿಗೆ ಯಾವ ಮಾತನ್ನೂ ಬುಡದಿಂದ ಹೇಳದೆ ಗತಿಯಿಲ್ಲವಾದ್ದರಿಂದ ತಾವು ಸ್ವಲ್ಪ ತಾಳಿಕೊಳ್ಳಬೇಕು.

ತಾವು ನಮ್ಮ ಕಡೆಗೆ ದಯಮಾಡಿಸಿದ್ದು ಎಂಬತ್ತನಾಲ್ಕರ ಸುಗ್ಗಿಯ ಹೊತ್ತಿಗೆ. ಮೊದಲು ಜೀಪು ಬಂತು, ಜೀಪಿನಿಂದ ಡೇರೆ ಇಳಿಯಿತು, ಡೇರೆಯ ಹಿಂದೆ ಮಡಿಸುವ ಕುರ್ಚಿ, ಕುರ್ಚಿಯ ಹಿಂದೆ ದುರ್ಬೀನು, ಅದೆಲ್ಲದರ ಹಿಂದೆ ಹಸಿರು ಟೋಪಿ ಹಾಕಿಕೊಂಡ ತಾವು. ಬಂದವರೇ ಕಾಡಿನ ನಡುವೆ ಹಗ್ಗ ಹಿಡಿಸಿ ಒಂದು ನೇರವಾದ ಗೆರೆ ಸವರಿಸಿದಿರಿ. ಮರ ಬಂದರೆ ಮರ ಬಳಸಿ, ಬಂಡೆ ಬಂದರೆ ಬಂಡೆ ಬಳಸಿ ನಡೆದು ಅಭ್ಯಾಸವಾಗಿದ್ದ ನಮಗೆ ಎಲ್ಲಿಗೂ ಹೋಗದ ಆ ನೆಟ್ಟನೆಯ ದಾರಿ ಕಂಡು ಬೆರಗಾಯಿತು. ಬೆಳಗಿನ ಹೊತ್ತು ಆ ಗೆರೆಯ ಮೇಲೆ ಸದ್ದಿಲ್ಲದೆ ನಡೆಯುವುದು, ಎಡಕ್ಕೂ ಬಲಕ್ಕೂ ಕಂಡ ಪ್ರಾಣಿಗಳನ್ನು ಎಣಿಸಿ ಬರೆದುಕೊಳ್ಳುವುದು, ಇದು ತಮ್ಮ ಸಂಶೋಧನೆ ಎಂದು ಪುಟ್ಟಯ್ಯ ಹೇಳಿದ. ಊರಿನವರು ಯಾರೂ ನಂಬಲಿಲ್ಲ. ಅಷ್ಟು ದೂರದಿಂದ ಜೀಪು, ಡೇರೆ, ಕುರ್ಚಿ ಹೊತ್ತುಕೊಂಡು ಬಂದವರು ಬರೀ ನೋಡಿಕೊಂಡು ಹೋಗುತ್ತಾರೆಂದರೆ ಯಾವ ಮರ್ಯಾದಸ್ಥ ನಂಬಿಯಾನು?

ಇಲ್ಲಿ ನಮ್ಮ ಊರಿನ ಕುಲಕಸುಬನ್ನು ತಮಗೆ ತಿಳಿಸಬೇಕಾಗಿದೆ. ಎರಡು ವರ್ಷ ನಮ್ಮ ನಡುವೆ ಇದ್ದೂ ತಾವು ಅದನ್ನು ಕೇಳಲಿಲ್ಲ, ಕೇಳದೆ ಹೇಳುವುದು ನಮಗೂ ಹೆಚ್ಚುಗಾರಿಕೆಯಾಗಿ ಕಂಡಿತು. ಮತ್ತಿಕೊಪ್ಪದವರು ಸೋವಿನವರು. ಹಿಂದಿನ ಕಾಲದಲ್ಲಿ ದೊರೆಗಳು, ಬಿಳಿಯ ಅಧಿಕಾರಿಗಳು, ಅವರ ನೆಂಟರಿಷ್ಟರು ಬೇಟೆಗೆ ಬಂದಾಗ ಕಾಡನ್ನು ಮೂರು ಕಡೆಯಿಂದ ಸುತ್ತುವರಿದು, ಅಡಗಿದ ಮೃಗಗಳನ್ನು ಎಬ್ಬಿಸಿ, ಕೋವಿ ಹಿಡಿದು ಕೂತ ದೊಡ್ಡವರ ಮುಂದಕ್ಕೆ ಅಟ್ಟಿ ತರುವ ಕೆಲಸ ನಮ್ಮ ಅಜ್ಜಂದಿರದು, ಅಪ್ಪಂದಿರದು. ಅದಕ್ಕೇ ಸೋವು ಎನ್ನುತ್ತಾರೆ. ಸಾಹೇಬರು ಬಾಯಿಬಿಟ್ಟು ಕೇಳುವ ತನಕ ಕಾಯುವವನು ಸೋವಿನವನೇ ಅಲ್ಲ. ಡೇರೆ ಎದ್ದಿತೆಂದರೆ ಮಾರನೆಯ ಬೆಳಗ್ಗೆ ಮೃಗ ಅವರ ಮುಂದೆ ಹಾಯಬೇಕು, ಬಂದ ಅತಿಥಿ ಮೃಗ ಕಾಣದೆ ಬರಿಗಣ್ಣಲ್ಲಿ ಹೋಗಬಾರದು, ಇದು ನಮ್ಮ ಮನೆತನಗಳ ಮಾನ. ಎಪ್ಪತ್ತೆರಡರಲ್ಲಿ ಬೇಟೆಗೆ ನಿಷೇಧ ಬಂದ ಮೇಲೆ ಡೇರೆಗಳೂ ನಿಂತವು, ಸೋವೂ ನಿಂತಿತು. ಸೋವಿನ ಯಜಮಾನ ದೊಡ್ಡಬೀರಪ್ಪ ಅಂದಿನಿಂದ ತನ್ನ ಕೋಲನ್ನು ಅಟ್ಟದ ಮೇಲಿಟ್ಟು ಹುರುಳಿ ಬಿತ್ತಿಕೊಂಡಿದ್ದ.

ಹೀಗಿರಲಾಗಿ ಹನ್ನೆರಡು ವರ್ಷಗಳ ಮೇಲೆ ತಮ್ಮ ಡೇರೆ ಎದ್ದಿತು. ಆ ಸಂಜೆ ಅರಳಿಕಟ್ಟೆಯ ಮೇಲೆ ನಡೆದ ಮಾತು ನನಗೆ ಈಗಲೂ ಕಿವಿಯಲ್ಲಿದೆ. ದೊಡ್ಡಬೀರಪ್ಪ ಕೋಲಿನ ಧೂಳು ಒರೆಸುತ್ತ, “ಸಾಹೇಬ್ರು ಬಂದವ್ರೆ ಕಣ್ರೋ. ಈಗಿನ ಕಾಲ್ದೋರು, ಬಾಯ್ಬಿಟ್ಟು ಕೇಳೋಕೆ ಸಂಕೋಚ. ನಾವೇ ಅರಿತು ಮಾಡ್ಬೇಕು” ಎಂದ. ಉಬ್ಬಸದ ತೀರ್ಥಪ್ಪ ಕೆಮ್ಮಿಕೊಂಡು, “ಅಲ್ಲ ಬೀರಣ್ಣ, ಜೀಪೆಲ್ಲ ಹುಡುಕ್ದೆ, ಕೋವಿನೇ ಕಾಣ್ಲಿಲ್ವಲ್ಲ” ಎಂದು ಅನುಮಾನ ತೆಗೆದ. “ದೊಡ್ಡೋರ ಕೋವಿ ಯಾವತ್ತೂ ಹಿಂದ್ಗಡೆ ಬರೋದು ಕಣೋ. ಮೊದ್ಲು ಕುರ್ಚಿ ಬತ್ತದೆ, ಆಮೇಲೆ ಕೋವಿ. ನೀನು ಯಾವ ಸಾಹೇಬನ್ನ ಕಂಡಿದ್ದೀಯ ಹೇಳು” ಎಂದು ದೊಡ್ಡಬೀರಪ್ಪ ಗದರಿಸಿದ. ಕೋವಿ ಬರುವ ತನಕ ಸಾಹೇಬರಿಗೆ ಬೇಸರವಾಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು.

ಸೋವಿನಲ್ಲಿ ಎರಡು ಬಗೆ. ತಮಟೆ, ಕೊಂಬು, ಕೂಗಾಟದ ಗದ್ದಲದ ಸೋವು ಒಂದು. ನಡೆದುಕೊಂಡು ಬೇಟೆಯಾಡುವವರಿಗೆ ಕಟ್ಟುವ ಮೆತ್ತನೆಯ ಸೋವು ಇನ್ನೊಂದು. ಇದರಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ನಿಂತು ಮರದ ಕಾಂಡಕ್ಕೆ ಕೋಲಿನಿಂದ ಮೆಲ್ಲಗೆ ತಟ್ಟುತ್ತ ಮುಂದೆ ಸರಿಯಬೇಕು. ತಾವು ಸದ್ದಿಲ್ಲದೆ ನಡೆಯುವುದನ್ನು ಕಂಡ ದೊಡ್ಡಬೀರಪ್ಪ ತಮಗೆ ಮೆತ್ತನೆಯದೇ ಸರಿ ಎಂದು ನಿಶ್ಚಯಿಸಿದ. ತಾವು ಗೆರೆಯ ಈ ತುದಿಯಲ್ಲಿ ಷೂಸಿನ ದಾರ ಕಟ್ಟಿಕೊಳ್ಳುವ ಹೊತ್ತಿಗೆ ನಮ್ಮವರು ಆಚೆಯ ಹಳ್ಳದಲ್ಲಿ ಸಾಲು ನಿಂತಿರುತ್ತಿದ್ದರು. ಒಂದು ದಿನ ಹಿಂಡನ್ನು ಮೂಡಲಿಂದ ಪಡುವಲಕ್ಕೆ ದಾಟಿಸಿದರೆ ಮುಂದಿನ ಸಲ ಅದೇ ಹಿಂಡನ್ನು ಪಡುವಲಿಂದ ಮೂಡಲಿಗೆ ಕಳಿಸುತ್ತಿದ್ದರು. ಹೊಸ ಹಿಂಡು ತರಲು ನಮ್ಮ ಕಾಡಿನಲ್ಲಿ ಹೊಸ ಹಿಂಡು ಎಲ್ಲಿತ್ತು, ಇದ್ದದ್ದೇ ಅದು. ತಾವು ಎರಡು ವರ್ಷ ಎಣಿಸಿದ್ದೂ ಅದನ್ನೇ.

ಮೇಷ್ಟರು ನಕ್ಕು ನಕ್ಕು ಕಣ್ಣು ಒರೆಸಿಕೊಂಡದ್ದು ಇಂಥ ಕಡೆಗಳಲ್ಲಿ. ಮತ್ತಿಕೊಪ್ಪದ ಕಾಡಿನಲ್ಲಿ ಮರಕುಟುಕಗಳ ಸಂಖ್ಯೆ ಬೆರಗು ಹುಟ್ಟಿಸುವಂತಿದೆ, ಬೆಳಗಿನ ಹೊತ್ತು ನಾಲ್ಕೂ ದಿಕ್ಕಿನಿಂದ ಅವು ಮರ ಕುಟ್ಟುವ ಸದ್ದು ಕೇಳುತ್ತದೆ, ಆದರೆ ಬಹಳ ನಾಚಿಕೆಯ ಹಕ್ಕಿಗಳಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ ಎಂದು ತಾವು ಬರೆದಿದ್ದೀರಿ. ಆ ನಾಚಿಕೆಯ ಹಕ್ಕಿಗಳೆಲ್ಲ ಆ ಸಂಜೆಗಳಲ್ಲಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವು. ಗೆರೆಯ ಬಲಬದಿಯ ಬಿದಿರು ಮೆಳೆಯಿಂದ ಕಾಡುಕುರಿಯೊಂದು ತಪ್ಪದೆ ಬೊಗಳುತ್ತಿತ್ತು ಎಂದು ತಾವು ದಾಖಲೆ ಮಾಡಿದ ಜಾಗ ತೀರ್ಥಪ್ಪನದು. ಚಳಿಗೆ ಅವನ ಉಬ್ಬಸ ಕೆರಳುತ್ತಿತ್ತು. ತನ್ನ ಕೆಮ್ಮು ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾಗಿದೆ ಎಂದು ತಿಳಿದಾಗಿನಿಂದ ಅವನು ಔಷಧಿ ಬಿಟ್ಟಿದ್ದಾನೆ.

ಆದರೆ ತಮ್ಮ ವಿದ್ವತ್ತು ಶಿಖರ ಮುಟ್ಟಿದ್ದು ಎಡಗೊಂಬು ಮುರಿದ ಗಂಡು ಕಡವೆಯ ವಿಷಯದಲ್ಲಿ. ನಮ್ಮ ಊರಿನ ಮಕ್ಕಳಿಗೂ ಗುರುತಿದ್ದ ಆ ಒಂದು ಪ್ರಾಣಿಗೆ ನಾವು ಮುರುಕ ಎನ್ನುತ್ತೇವೆ. ಅದರ ಎಡಗೊಂಬಿನ ಬುಡವೇ ಊನ, ಬಿದ್ದು ಮತ್ತೆ ಮೂಡಿದರೂ ಮೊಂಡಾಗಿಯೇ ಮೂಡುತ್ತದೆ. ಹಿಂಡಿನ ಹಿಂದೆ ಹಿಂದೆ ಬರುವ ಸೋಮಾರಿಯಾದ್ದರಿಂದ ತಮಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಇಲ್ಲಿನ ಗಂಡು ಕಡವೆಗಳಲ್ಲಿ ಬಹುಪಾಲಿಗೆ ಎಡಗೊಂಬು ಮುರಿದಿದೆ, ಜಾಗಕ್ಕೆ ಮಿಕ್ಕಿ ಮೃಗಗಳು ತುಂಬಿ ಹಗಲಿರುಳು ಕಾದಾಡುವುದೇ ಇದಕ್ಕೆ ಕಾರಣ ಎಂದು ತಾವು ಒಂದು ಇಡೀ ಅಧ್ಯಾಯ ಬರೆದಿರಿ. ಅದಕ್ಕೆ ಚಿತ್ರವನ್ನೂ ಹಾಕಿದಿರಿ. ಒಂದು ಬಡಕಡವೆಯನ್ನು ಓಡಿಸಿ ಓಡಿಸಿ ಒಂದು ಸೈನ್ಯ ಮಾಡಿದ ಕೀರ್ತಿಯಲ್ಲಿ ಅರ್ಧ ನಮಗೂ ಸೇರಬೇಕಿತ್ತು, ತಾವು ಪೂರ್ತಿ ಇಟ್ಟುಕೊಂಡಿರಿ.

ತಮ್ಮ ಮುಂದೆ ಹಾಯುವ ಕಡವೆ ಯಾಕೆ ಏದುಸಿರು ಬಿಡುತ್ತಿತ್ತು, ಎದುರಿಗಿದ್ದ ತಮ್ಮನ್ನು ನೋಡದೆ ಯಾಕೆ ಹಿಂದೆ ತಿರುಗಿ ತಿರುಗಿ ನೋಡುತ್ತಿತ್ತು, ಮೇಯುತ್ತ ನಿಂತ ಒಂದು ಪ್ರಾಣಿಯೂ ಎರಡು ವರ್ಷದಲ್ಲಿ ಯಾಕೆ ತಮ್ಮ ಕಣ್ಣಿಗೆ ಬೀಳಲಿಲ್ಲ ಎಂದು ಸಂತೆಗೆ ದನ ಹೊಡೆಯುವವನಿಗೂ ಒಂದು ಸಲ ಅನಿಸುತ್ತಿತ್ತು. ತಮಗೆ ಅನಿಸಲಿಲ್ಲ. ಅನಿಸದೆ ಇದ್ದುದಕ್ಕೆ ಕಾರಣವನ್ನೂ ತಾವೇ ಬರೆದಿದ್ದೀರಿ. ತಮ್ಮ ಕ್ಯಾನ್ವಾಸ್ ಷೂಸಿನ ಹೆಜ್ಜೆ ಅಷ್ಟು ಮೃದು, ತಮ್ಮ ಹಸಿರು ಬಟ್ಟೆ ಅಷ್ಟು ಹೊಂದಿಕೆ, ತಮ್ಮ ನಡಿಗೆ ಅಷ್ಟು ನಿರುಪದ್ರವಿ, ಹೀಗಾಗಿ ಮೃಗಗಳು ತಮ್ಮನ್ನು ಕಾಡಿನವರಲ್ಲೊಬ್ಬರೆಂದು ಬಗೆದು ತಾವಾಗಿಯೇ ಹತ್ತಿರ ಬರುತ್ತಿದ್ದವಂತೆ. ಮುಂದಿನ ಸಂಶೋಧಕರು ಇಂಥದೇ ಷೂಸು ಹಾಕಿಕೊಳ್ಳಬೇಕೆಂದು ಸಲಹೆಯನ್ನೂ ಕೊಟ್ಟಿದ್ದೀರಿ. ಮಾನ್ಯರೇ, ಮನುಷ್ಯ ತನ್ನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡು ಪದವಿಯನ್ನೂ ಪಡೆಯಬಹುದೆಂದು ನಮಗೆ ಮೊದಲೇ ಗೊತ್ತಿದ್ದರೆ ನಮ್ಮ ಮಕ್ಕಳನ್ನೂ ಶಾಲೆಗೆ ಇನ್ನಷ್ಟು ಒತ್ತಾಯದಿಂದ ಕಳಿಸುತ್ತಿದ್ದೆವು.

ತಾವು ಡೇರೆ ಕಿತ್ತು ಹೊರಟಾಗ ಊರಿನವರೆಲ್ಲ ಕೆರೆ ಏರಿಯ ತನಕ ಬಂದು ಬೀಳ್ಕೊಟ್ಟೆವು. ಕಡೆಗೂ ಕೋವಿ ಬರಲಿಲ್ಲವಲ್ಲ ಎಂದು ದೊಡ್ಡಬೀರಪ್ಪ ಮರುಗಿದ. ಆಮೇಲೆ ವರ್ಷ ಕಳೆದು ನೋಟೀಸು ಬಂತು, ನೋಟೀಸಿನ ಹಿಂದೆ ಪುಟ್ಟಯ್ಯನಿಗೆ ಪುಸ್ತಕ ಬಂತು. ಎರಡನ್ನೂ ಮೇಷ್ಟರ ಬಾಯಿಂದ ಕೇಳಿಕೊಂಡು ಬಂದು ನಾನು ಕಟ್ಟೆಯ ಮೇಲೆ ಹೇಳಿದಾಗ ಯಾರೂ ನಗಲಿಲ್ಲ. ನಗುವುದಕ್ಕೆ ಅವರು ಮೇಷ್ಟರಷ್ಟು ದೂರದಲ್ಲಿರಲಿಲ್ಲ.

ಆ ಸಂಜೆ ಮಾತಾಡಿದವಳು ದುರ್ಗಮ್ಮ. ತಮಗೆ ಅವಳ ಪರಿಚಯವಿರಲಾರದು. ಸೀಗೆಕಾಯಿ, ಅಂಟುವಾಳ ಆಯ್ದು ಲಿಂಗದಹಳ್ಳಿ ಸಂತೆಗೆ ಒಯ್ಯುವ, ಹೊತ್ತು ಹುಟ್ಟುವ ಮುಂಚೆ ತಮ್ಮ ಗೆರೆಯನ್ನು ದಾಟಿ ಹೋಗುತ್ತಿದ್ದ ಹೆಂಗಸು. ಅವಳನ್ನು ತಾವು ಎಣಿಕೆಗೆ ತೆಗೆದುಕೊಂಡಿಲ್ಲ. ದುರ್ಗಮ್ಮನ ಹುಟ್ಟೂರು ಈಗ ನೀರಿನ ಕೆಳಗಿದೆ. ಭದ್ರೆಗೆ ಕಟ್ಟೆ ಕಟ್ಟಿದಾಗ, ಹಿನ್ನೀರು ಹೊಸ್ತಿಲಿಗೆ ಬಂದ ಮೇಲೆ, ಅವಳ ಅಪ್ಪ ಬಾಗಿಲ ಹಲಗೆಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಮತ್ತಿಕೊಪ್ಪಕ್ಕೆ ಬಂದ. ಆ ಹಲಗೆಗಳೇ ಈಗಲೂ ಅವಳ ಮನೆಯ ಬಾಗಿಲು. ಅವಳು ಗಂಡಸರ ಗುಂಪಿನ ಮುಂದೆ ನಿಂತು, “ನೀನು ಎರಡು ವರ್ಷ ಓಡಿಸಿದ್ದು ಕಡವೆನಲ್ಲ ಕಣೋ ಬೀರಣ್ಣ, ನಮ್ಮನ್ನ” ಎಂದಳು. “ಒಂದ್ಸಲ ನೀರು ಅಟ್ಕೊಂಡ್ ಬಂತು, ಬಾಗ್ಲು ಕಿತ್ಕೊಂಡ್ ಬಂದ್ವಿ. ಈಗ ಇನ್ನೊಂದ್ಸಲ ಕೀಳು ಅಂತೀಯ? ಆ ಬಯಲ್ನಾಗೆ ನೆಳ್ಳು ಬೇಕು ಅಂದ್ರೆ ಮೋಡ ಬರಗಂಟ ಕಾಯ್ಬೇಕಂತೆ. ಅಲ್ಲಿ ಯಾವ ಸೀಗೆ ಮೆಳೆ ಐತೆ ಅಂತ ಹೋಗ್ಲಿ ನಾನು?” ತೀರ್ಥಪ್ಪ ಸಮಾಧಾನ ಹೇಳಲು ಹೋಗಿ, “ಅಜ್ಜಂಪುರದ್ ಕಡೆ ಈರುಳ್ಳಿ ಚೆನ್ನಾಗ್ ಬತ್ತದೆ ಕಣವ್ವ” ಎಂದ. “ನೀನ್ ಸುಮ್ಕೆ ಕೆಮ್ಮೋ” ಎಂದಳು ದುರ್ಗಮ್ಮ.

ಅಜ್ಜಂಪುರದವರ ಮೇಲೆ ನಮಗೆ ಯಾವ ದೂರೂ ಇಲ್ಲ. ಅವರೂ ನಮ್ಮ ಹಾಗೆಯೇ, ತಾವು ಬರೆದ ಮೇಲೆಯೇ ನಾವು ಅಲ್ಲಿಗೆ ಬರುವ ಸುದ್ದಿ ತಿಳಿದವರು. ಅವರ ಗೋಮಾಳದಲ್ಲಿ ನಮ್ಮನ್ನು ಇಳಿಸಿದರೆ ಅವರ ದನ ಎಲ್ಲಿ ಮೇಯಬೇಕೆಂದು ತಾವು ಯೋಚಿಸಿಲ್ಲವಾದ್ದರಿಂದ ಆ ಸಂಶೋಧನೆಗೆ ಬೇರೊಬ್ಬ ಪದವೀಧರರು ಬರಬಹುದೆಂದು ಕಾದಿದ್ದಾರೆ.

ತಮ್ಮ ಪುಸ್ತಕದ ಸತ್ಯವನ್ನು ಕಣ್ಣಾರೆ ಕಾಣಲು ಮೂವರು ಹಿರಿಯ ವಿಜ್ಞಾನಿಗಳ ಸಮಿತಿ ಬರುತ್ತದೆ, ಅವರನ್ನು ಕರೆದುಕೊಂಡು ತಾವೂ ಬರುತ್ತೀರಿ ಎಂಬ ಸುದ್ದಿ ಆಗ ಸಿಕ್ಕಿತು. ಅವರು ಕಾಡಿಗೆ ಬರುವ ಹಿಂದಿನ ದಿನ ದೊಡ್ಡಬೀರಪ್ಪನೂ ನಾನೂ ಫಾರೆಸ್ಟ್ ಬಂಗಲೆಗೆ ಬಂದು ತಮ್ಮ ದರ್ಶನ ಮಾಡಿದೆವು. ಮದುವೆಮನೆಗೆ ಹೋಗುವ ಬಿಳಿ ಅಂಗಿ ತೊಟ್ಟಿದ್ದ ದೊಡ್ಡಬೀರಪ್ಪ, “ಸಾಮಿ, ಆ ಕಡವೆಗಳು ತಾವಾಗಿ ಬಂದವಲ್ಲ. ನಾವು ಸೋವು ಕಟ್ಟಿ ಕಳ್ಸಿದ್ದು. ನೀವು ಕಂಡಷ್ಟು ಮೃಗ ಈ ಕಾಡ್ನಾಗಿಲ್ಲ. ಬರ್ದಿದ್ದನ್ನ ಒಸಿ ತಿದ್ಬುಡಿ” ಎಂದು ಕೈಮುಗಿದ. ತಾವು ಚಹಾದ ಬಟ್ಟಲನ್ನು ಕೆಳಗಿಟ್ಟು ನಕ್ಕಿರಿ. “ಯಜಮಾನರೇ, ನಾನು ಎರಡು ವರ್ಷ ಆ ಕಾಡಿನಲ್ಲಿದ್ದೆ. ನನಗೆ ಗೊತ್ತಾಗದೆ ಅಲ್ಲಿ ಒಂದು ಎಲೆ ಕೂಡ ಅಲುಗಾಡಿಲ್ಲ” ಎಂದಿರಿ. “ಅಲುಗಾಡಿದ್ದು ನಮ್ ತೀರ್ಥಪ್ಪ ಸಾಮಿ” ಎಂದ ದೊಡ್ಡಬೀರಪ್ಪ. ತಮ್ಮ ನಗು ಅಲ್ಲಿಗೆ ಮುಗಿಯಿತು. ಊರು ಬಿಡುವುದನ್ನು ತಪ್ಪಿಸಿಕೊಳ್ಳಲು ಕಟ್ಟಿದ ಕತೆ ಇದು, ಅಂಥ ಸೋವು ಗೀವು ಏನೂ ನಡೆದಿಲ್ಲ, ನಡೆದಿದ್ದರೆ ಪುರಾವೆ ತನ್ನಿ ಎಂದು ಹೇಳಿ ಕಿಟಕಿಯ ಕಡೆಗೆ ತಿರುಗಿದಿರಿ.

ಊರು ಹೋಗುತ್ತದೆಂಬುದಕ್ಕಿಂತ ದೊಡ್ಡಬೀರಪ್ಪನಿಗೆ ಆ ಹೊತ್ತು ನಾಟಿದ್ದು ಬೇರೆ. “ಅಲ್ಲಪ್ಪ, ನಾನು ಸೋವು ಕಟ್ಟೇ ಇಲ್ಲ ಅಂದ್ಬುಟ್ಟನಲ್ಲ” ಎಂದು ಊರ ಬಾಗಿಲಲ್ಲಿ ಒಂದೇ ಒಂದು ಮಾತು ಆಡಿದ. ಬಾಗಿಲಲ್ಲಿ ಕಾದಿದ್ದ ದುರ್ಗಮ್ಮ ಎಲ್ಲವನ್ನೂ ಕೇಳಿಕೊಂಡು, “ಪುರಾವೆ ಕೇಳವ್ರಲ್ಲ, ಕೊಡು ಮತ್ತೆ. ಕಿವುಡ್ರಿಗೂ ಕೇಳ್ಬೇಕು, ಅಂಥಾದ್ ಕೊಡು” ಎಂದಳು.

ಆದಕಾರಣ, ಮಾನ್ಯರೇ, ಮಾರನೆಯ ಬೆಳಗ್ಗೆ ನಡೆದದ್ದು ಅವಮರ್ಯಾದೆಯಲ್ಲ. ತಾವು ಅಪ್ಪಣೆ ಮಾಡಿದ ಪುರಾವೆಯನ್ನು ತಮ್ಮ ಸನ್ನಿಧಿಗೆ ಒಪ್ಪಿಸಿದ್ದು. ಬಂದವರು ದೊಡ್ಡವರಾದ್ದರಿಂದ ಸೋವೂ ದೊಡ್ಡದೇ ಕಟ್ಟಿದೆವು. ತಮಟೆ ಬಂತು, ಕೊಂಬು ಬಂತು, ಸೀಮೆಎಣ್ಣೆ ಡಬ್ಬಗಳು ಬಂದವು. ಹಿಂದೆಂದೂ ಸೋವಿಗೆ ಹೆಂಗಸರನ್ನು ಸೇರಿಸಿದ್ದಿಲ್ಲ, ಅಂದು ದುರ್ಗಮ್ಮ ಹಿತ್ತಾಳೆ ತಟ್ಟೆ ಹಿಡಿದು ಎಡಗಡೆಯ ಸಾಲಿನ ಮುಂದೆ ನಿಂತಳು. ನೀವು ನಾಲ್ವರೂ ಹಸಿರು ಟೋಪಿಗಳಲ್ಲಿ ಬೆರಳ ತುದಿಯ ಮೇಲೆ ನಡೆಯುತ್ತ ಗೆರೆಯ ನಡುಭಾಗಕ್ಕೆ ಬಂದಾಗ ದೊಡ್ಡಬೀರಪ್ಪ ಕೊಂಬೂದಿಸಿದ. ಇದ್ದ ಒಂದು ಹಿಂಡೂ, ಮುರುಕನೂ, ಹಂದಿಗಳೂ, ಕಂಡಾಪಟ್ಟೆ ಸಿಟ್ಟಾದ ಒಂದು ಕಾಡುಕೋಣವೂ ತಮ್ಮ ನೇರವಾದ ಗೆರೆಯನ್ನು ಅಡ್ಡಡ್ಡ ದಾಟಿ ಹೋದವು. ಸಮಿತಿಯ ಒಬ್ಬರು ಮತ್ತಿಮರ ಹತ್ತಿದರು. ಇನ್ನೊಬ್ಬರು ಚಗಳಿ ಇರುವೆಯ ಗೂಡಿಗೆ ಬೆನ್ನು ಕೊಟ್ಟರು. ತಮ್ಮ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಗೌರವ ಹುಟ್ಟಿದ್ದು ಅಲ್ಲಿ. ಇಡೀ ಊರು ಡಬ್ಬ ಬಡಿಯುತ್ತ ಮೈಮೇಲೆ ಬರುತ್ತಿದ್ದಾಗಲೂ ತಾವು ಪೆನ್ಸಿಲು ಬಿಡಲಿಲ್ಲ. ನಿಂತಲ್ಲೇ ನಿಂತು ಎಣಿಸುತ್ತಿದ್ದ ಹಾಗೆಯೇ ಎಣಿಸಿದಿರಿ.

ಮೃಗಗಳ ಹಿಂದೆಯೇ ದೊಡ್ಡಬೀರಪ್ಪ ಬಂದ. ರುಮಾಲು ತೆಗೆದು, ಬೆವರು ಒರೆಸಿಕೊಂಡು, ಸಮಿತಿಯ ಹಿರಿಯರ ಮುಂದೆ ಬಾಗಿ ನಿಂತು ಎಲ್ಲವನ್ನೂ ಹೇಳಿದ. ಇದು ಗದ್ದಲದ ಸೋವು, ಈ ಎಣಿಕೆ ಸಾಹೇಬರಿಗೆ ಎರಡು ವರ್ಷ ಕಟ್ಟಿದ್ದು ಮೆತ್ತನೆಯದು, ಕಾಡಿನಲ್ಲಿರುವುದು ಈಗ ಹಾದುಹೋದದ್ದಷ್ಟೇ, ನಾಳೆ ನಾವು ಮನೆಯಲ್ಲಿ ಕೂತರೆ ನೀವು ಇಷ್ಟನ್ನೂ ಕಾಣಲಾರಿರಿ, ಇದಕ್ಕಾಗಿ ಒಂದು ಊರನ್ನು ಕೀಳಬೇಡಿ ಎಂದು, ತಾನು ಹುಟ್ಟಿದಾಗಿನಿಂದ ಆಡದಷ್ಟು ಮಾತು ಆಡಿದ. ಕನ್ನಡ ಬಾರದ ಆ ಹಿರಿಯರು ಬೆನ್ನಿನ ಇರುವೆಗಳನ್ನು ಕೊಡವಿಕೊಳ್ಳುತ್ತ ತಮ್ಮ ಮುಖ ನೋಡಿದರು. ಅಷ್ಟುದ್ದದ ಆ ಮಾತನ್ನು ತಾವು ಇಂಗ್ಲಿಷಿನಲ್ಲಿ ನಾಲ್ಕೇ ಮಾತಿಗೆ ಇಳಿಸಿ ಹೇಳಿದಿರಿ. ಅವರು ತಲೆದೂಗಿದರು. ನಮ್ಮ ಕೆಲಸ ಆಯಿತೆಂದು ನಾವೂ ತಲೆದೂಗಿದೆವು. ದುರ್ಗಮ್ಮ ತಟ್ಟೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಅದರಲ್ಲೇ ಸಮಿತಿಯವರಿಗೆ ಬಾಳೆಹಣ್ಣು ಇಟ್ಟು ಕೊಟ್ಟಳು. ಒಬ್ಬರು ತಿಂದರು ಕೂಡ.

ಆ ನಾಲ್ಕು ಮಾತು ಯಾವುವೆಂದು ತಿಳಿದದ್ದು ಸಮಿತಿಯ ವರದಿಯ ಸಹಿತ ಎರಡನೆಯ ನೋಟೀಸು ಬಂದ ಮೇಲೆ. ಈ ಊರಿನವರು ವನ್ಯಮೃಗಗಳನ್ನು ತಮಟೆ ಬಡಿದು ಓಡಿಸುವುದನ್ನು ಸಮಿತಿ ಕಣ್ಣಾರೆ ಕಂಡಿದೆ, ವರ್ಷಗಳಿಂದ ಹೀಗೆ ಮಾಡುತ್ತಿದ್ದೇವೆಂದು ಅವರ ಮುಖಂಡನೇ ಒಪ್ಪಿಕೊಂಡಿದ್ದಾನೆ, ಆದ್ದರಿಂದ ಮೃಗಗಳ ಹಿತಕ್ಕಾಗಿ ಈ ಊರನ್ನು ತಡಮಾಡದೆ ತೆರವು ಮಾಡಬೇಕು ಎಂದು ಮೇಷ್ಟರು ಓದಿದರು. ಈ ಸಲ ಅವರು ಕನ್ನಡಕ ತೆಗೆಯಲಿಲ್ಲ. ಮುಂದಿನ ಹಾಳೆಯಲ್ಲಿ ತಮ್ಮ ಎಣಿಕೆಯನ್ನು ಸಮಿತಿ ಪೂರ್ತಿ ಒಪ್ಪಿರುವುದೂ, ಅಂದು ಬೆಳಗ್ಗೆ ಸಿಕ್ಕ ಮೃಗಗಳನ್ನೂ ಅದಕ್ಕೆ ಕೂಡಿಸಿರುವುದೂ ಇತ್ತು.

ಹೀಗೆ ಮೊದಲು ಮೃಗಗಳು ಬಹಳ ಇರುವುದರಿಂದ ನಾವು ಹೋಗಬೇಕಾಗಿತ್ತು, ಈಗ ನಮ್ಮಿಂದ ಮೃಗಗಳಿಗೆ ಉಳಿಗಾಲವಿಲ್ಲದ್ದರಿಂದ ಹೋಗಬೇಕಾಗಿದೆ. ಎರಡನ್ನೂ ಒಂದೇ ದಾರದಲ್ಲಿ ಹೊಲಿದ ತಮ್ಮ ಜಾಣ್ಮೆಗೆ ಸಾಷ್ಟಾಂಗ ಮಾಡಿ, ಕೆಲವು ಅರಿಕೆಗಳನ್ನು ಮುಂದಿಡುತ್ತೇನೆ. ವರದಿಯ ಆ ಎರಡು ಹಾಳೆಗಳು ಒಂದರ ಮುಖ ಒಂದು ನೋಡಿಕೊಂಡರೆ ಜಗಳವಾಗುವ ಸಂಭವವಿರುವುದರಿಂದ ಮುಂದಿನ ಅಚ್ಚಿನಲ್ಲಿ ಅವನ್ನು ಗೋಂದು ಹಚ್ಚಿ ಅಂಟಿಸುವ ಏರ್ಪಾಡು ಮಾಡಬೇಕು. ಬೆಳಗಾದ ಕೂಡಲೇ ಮೂಡಲಿಂದ ಪಡುವಲಕ್ಕೆ ಏದುಸಿರು ಬಿಡುತ್ತ ಓಡುವುದು ಇನ್ನು ಮುಂದೆ ಅವುಗಳ ಸ್ವಂತ ಜವಾಬ್ದಾರಿ ಎಂದು ಕಡವೆಗಳಿಗೆ ತಾವೇ ತಿಳಿಸಿಹೇಳಬೇಕು, ಅವು ತಮ್ಮನ್ನು ಕಾಡಿನವರಲ್ಲೊಬ್ಬರೆಂದು ಬಗೆಯುತ್ತವೆಂದು ತಾವೇ ಬರೆದಿರುವುದರಿಂದ ಇದು ಕಷ್ಟವಾಗಲಾರದು. ನಾವು ಹೋದ ಮೇಲೆ ಉದ್ಯಾನ ನೋಡಲು ಬಂದವರಿಗೆ ಒಂದು ಬಾಲವೂ ಕಾಣದಿದ್ದಾಗ, ಅವನ್ನೆಲ್ಲ ಮತ್ತಿಕೊಪ್ಪದವರು ಗಂಟುಕಟ್ಟಿಕೊಂಡು ಅಜ್ಜಂಪುರಕ್ಕೆ ಒಯ್ದರೆಂದು ಬರೆಯಬಾರದೆಂದು ಮುಂಗಡವಾಗಿ ಕೇಳಿಕೊಳ್ಳುತ್ತೇವೆ.

ಇನ್ನೊಂದು ಅರಿಕೆ ತಮ್ಮ ಶಾಸ್ತ್ರಕ್ಕೇ ಸೇರಿದ್ದು. ಒಬ್ಬರು ಮಾಡಿದ ಸಂಶೋಧನೆಯನ್ನು ಇನ್ನೊಬ್ಬರು ಅದೇ ಉಪಕರಣ ಹಿಡಿದು ಮಾಡಿದರೂ ಅದೇ ಉತ್ತರ ಬರಬೇಕಂತೆ, ಮೇಷ್ಟರು ಹೇಳಿದರು. ತಮ್ಮ ಉಪಕರಣಗಳ ಸಾಲಿನಲ್ಲಿ ದುರ್ಬೀನು, ದಿಕ್ಸೂಚಿ, ಹಗ್ಗ, ಕ್ಯಾನ್ವಾಸ್ ಷೂಸು ಇವೆ, ಮತ್ತಿಕೊಪ್ಪವನ್ನು ಬರೆಯಲು ಮರೆತಿದ್ದೀರಿ. ದುರ್ಬೀನಿಗೆ ಕಣ್ಣಿದ್ದರೆ ನಮಗೆ ಕೋಲಿದೆ. ದುರ್ಬೀನಿಲ್ಲದಿದ್ದರೂ ತಮ್ಮ ಎಣಿಕೆ ನಡೆಯುತ್ತಿತ್ತು, ನಾವಿಲ್ಲದಿದ್ದರೆ ನಡೆಯುತ್ತಿರಲಿಲ್ಲ. ಆದಕಾರಣ ನಮ್ಮನ್ನು ಸರ್ಕಾರದ ವೈಜ್ಞಾನಿಕ ಉಪಕರಣವೆಂದು ಘೋಷಿಸಿ, ಇದ್ದ ಜಾಗದಿಂದ ಅಲುಗಿಸಬಾರದೆಂದು ನಮ್ಮ ಬೆನ್ನಿಗೆ ಒಂದು ಚೀಟಿ ಅಂಟಿಸಿಕೊಡಬೇಕು. ಇದಾವುದೂ ಆಗದಿದ್ದರೆ ಕೊನೆಯದಾಗಿ, ನಾವೆಲ್ಲ ಲಿಂಗದಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕಣ್ಣೆದುರಿಗೆ ಕೂತಿರುತ್ತೇವೆ, ತಾವು ಒಂದೇ ಒಂದು ಬೆಳಗ್ಗೆ ಒಬ್ಬರೇ ಆ ಗೆರೆಯ ಮೇಲೆ ನಡೆದು ಕಂಡದ್ದನ್ನು ಬರೆಯಬೇಕು. ಇಷ್ಟರಲ್ಲಿ ತಾವು ನಿಜವಾಗಿ ಮಾಡಲು ಸಾಧ್ಯವಿರುವುದು ಇದೊಂದೇ ಆದ್ದರಿಂದ ಇದು ನಡೆಯುವುದಿಲ್ಲವೆಂದು ನಮಗೆ ಗೊತ್ತಿದೆ.

ಯುಗಾದಿಗೆ ಇನ್ನು ಬಹಳ ದಿನವಿಲ್ಲ. ದೊಡ್ಡಬೀರಪ್ಪ ಮನೆಯಿಂದ ಹೊರಗೆ ಬರುವುದನ್ನು ಕಡಿಮೆ ಮಾಡಿದ್ದಾನೆ. ಪುಟ್ಟಯ್ಯ ಸಾಮಾನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಾನೆ. ನಾನು ಈ ಪತ್ರ ಬರೆಯುವ ಹೊತ್ತಿನಲ್ಲಿ ಎದುರುಮನೆಯ ದುರ್ಗಮ್ಮ ಹುತ್ತದ ಮಣ್ಣು ತಂದು, ಸಗಣಿ ಕಲಸಿ, ಹೊಸದಾಗಿ ಒಲೆ ಹಾಕುತ್ತಿದ್ದಾಳೆ. ಈಗ ಯಾಕವ್ವ ಎಂದು ಕೇಳಿದೆ. “ಹಳೇದು ಬಿರುಕು ಬಿಟ್ಟೈತಲ್ಲ, ಹೊಗೆ ಬತ್ತದೆ” ಎಂದು ಹೇಳಿ ಮಣ್ಣು ಮೆತ್ತುವುದನ್ನು ಮುಂದುವರಿಸಿದಳು. ಹೊಸ ಒಲೆ ಒಣಗಲು ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಅದನ್ನು ಅಲುಗಿಸುವಂತಿಲ್ಲ. ಈ ಸಂಗತಿಯನ್ನು ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಬೇಡಿಕೊಂಡು ಮುಗಿಸುತ್ತೇನೆ.

ಸದ್ಯಕ್ಕೆ ಮತ್ತಿಕೊಪ್ಪದಲ್ಲೇ ಇರುವ,
ತಮ್ಮ ವಿಶ್ವಾಸಿ,
ಗಿರಿಯಪ್ಪ

ತಾಜಾಕಲಂ: ಈ ಪತ್ರಕ್ಕೆ ಉತ್ತರ ಬರೆಯುವ ಕೃಪೆ ಮಾಡುವುದಾದರೆ ವಿಳಾಸವನ್ನು ತಾವೇ ಬರೆದುಕೊಳ್ಳಬೇಕು. ಯುಗಾದಿಯ ಆಚೆಗೆ ನಾವು ಎಲ್ಲಿರುತ್ತೇವೆಂಬುದು ಲಿಂಗದಹಳ್ಳಿಯ ಅಂಚೆಯವರಿಗೂ ತಿಳಿಯದು, ನಮಗೂ ತಿಳಿಯದು. ಬಲ್ಲವರು ತಾವೊಬ್ಬರೇ.